ಹಳೆ ಕಂಪ್ಯೂಟರಿನಲ್ಲಿ ಲಾರಿ ಓಡಿಸಿದ್ದು

ನನಗೆ ಸ್ಕೂಟರ್ ಕೂಡ ಓಡಿಸಲು ಬರುವುದಿಲ್ಲ. ವಿಲೆ ಪಾರ್ಲೆಯ ನಮ್ಮ ಗಲ್ಲಿಯಲ್ಲಿ ರಿಕ್ಷಾವೊಂದು ಹಿಂದಕ್ಕೆ ಸರಿದರೂ ಹತ್ತಿರದ ಅಂಗಡಿಯ ಮೆಟ್ಟಿಲೇರಿ ನಿಲ್ಲುವವರ ಪೈಕಿ ನಾನು. ಆದರೆ ದಿನಾ ಮಧ್ಯಾಹ್ನ ಮೂರು ಗಂಟೆಗೆ, ಊಟದ ಪಾತ್ರೆಗಳನ್ನು ತೊಳೆದು ಕವುಚಿಟ್ಟು, ಗೌನಿಗೆ ಕೈ ಒರೆಸಿಕೊಂಡು, ದೊಡ್ಡದೊಂದು ಲಾರಿಯನ್ನು ಯಾವುದೋ ದೂರದೇಶದ ಹೆದ್ದಾರಿಗೆ ಇಳಿಸುತ್ತೇನೆ. ಹಿಂದೆ ಇಪ್ಪತ್ತು ಟನ್ ಟೊಮೆಟೊ ಇರುತ್ತದೆ. ಕೆಲವು ದಿನ ಸಿಮೆಂಟು. ಟೊಮೆಟೊ ಇದ್ದ ದಿನ ನನ್ನ ಜಾಗ್ರತೆ ಹೆಚ್ಚು. ಇಲ್ಲದ ಟೊಮೆಟೊ ಜಜ್ಜಿಹೋದರೂ ನನಗೆ ಸಂಕಟವಾಗುತ್ತದೆ.

ಇದು ಕಂಪ್ಯೂಟರಿನ ಆಟ ಎಂದು ಬೇರೆ ಹೇಳಬೇಕಾಗಿಲ್ಲ. ಬಿಲ್ಡಿಂಗಿನ ಹೆಂಗಸರು ಮಧ್ಯಾಹ್ನ ಏನು ಮಾಡುತ್ತೀರಿ ಎಂದು ಕೇಳಿದರೆ "ರೆಸ್ಟ್" ಎನ್ನುತ್ತೇನೆ. ಕಾನ್ವೆಂಟಿನಲ್ಲಿ ಕಲಿತವಳಿಗೆ ಸುಳ್ಳು ಹೇಳುವಾಗ ಇಂಗ್ಲಿಷಿನಲ್ಲಿ ಹೇಳಿದರೆ ಪಾಪ ಅರ್ಧವಾಗುತ್ತದೆ ಎಂಬ ನಂಬಿಕೆ ಇದೆ.

ಈ ಚಟ ಹಿಡಿಸಿದ್ದು ನನ್ನ ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಗೋರೆಗಾಂವ್‌ನಲ್ಲಿದ್ದಾಳೆ. ನಡುವೆ ಇರುವುದು ಮೂರು ಸ್ಟೇಶನ್ ಅಷ್ಟೇ. ಆದರೆ ಅಕ್ಕನ ಮೊಣಕಾಲಿಗೆ ಸ್ಟೇಶನ್ ಬ್ರಿಜ್ಜಿನ ಮೆಟ್ಟಿಲು ಆಗುವುದಿಲ್ಲ, ನನಗೆ ಮನೆ ಬಿಡಲು ಒಂದಲ್ಲ ಒಂದು ನೆವ ಅಡ್ಡ. ಹೀಗೆ ನಾವು ಭೇಟಿಯಾಗುವುದು ಮದುವೆ, ಸತ್ತವರ ಬೊಜ್ಜಗಳಲ್ಲಿ ಮಾತ್ರ ಎಂಬಂತಾಗಿತ್ತು. ಒಂದು ಬೇಸಿಗೆ ರಜೆಯಲ್ಲಿ ಮೊಮ್ಮಗ ಅವಳ ಕಂಪ್ಯೂಟರಿಗೆ ಈ ಲಾರಿಯ ಆಟ ಹಾಕಿಕೊಟ್ಟು ಹೋದ. ಅಕ್ಕ ಎರಡೇ ವಾರದಲ್ಲಿ ಡ್ರೈವರಳಾದಳು. ಮೂರನೆಯ ವಾರ ನನಗೂ ಹಾಕಿಸಿದಳು.

ಇಂಟರ್ನೆಟ್ಟಿನಿಂದ ಇಬ್ಬರ ಮನೆಯಲ್ಲೂ ಒಂದೇ ರಸ್ತೆ. ಅಕ್ಕನ ಲಾರಿ ಮುಂದೆ, ನನ್ನದು ಹಿಂದೆ. ಈ ಕ್ರಮವನ್ನು ಯಾರೂ ತೀರ್ಮಾನ ಮಾಡಿದ್ದಲ್ಲ, ಶಾಲೆಗೆ ಹೋಗುವಾಗಿನಿಂದಲೂ ಹಾಗೆಯೇ. ಫೋನನ್ನು ಸ್ಪೀಕರಿಗೆ ಹಾಕಿ ಮಾನಿಟರಿಗೆ ಒರಗಿಸಿಡುತ್ತೇನೆ. ಬಂಗುಡೆಯ ರೇಟು, ಭಾವನ ಗೊರಕೆ, ಅವಳ ಸೊಸೆ ದೋಸೆ ಹಿಟ್ಟಿಗೆ ಸೋಡಾ ಹಾಕಿದ್ದು, ಎಲ್ಲ ಹೆದ್ದಾರಿಯಲ್ಲೇ ಮಾತಾಡಿ ಮುಗಿಯುತ್ತಿತ್ತು. ನಡುನಡುವೆ ಅಕ್ಕ, "ಆ ಬೋರ್ಡಲ್ಲಿ ಎಂತ ಬರೆದದೆ, ಓದು ನೋಡುವ" ಎನ್ನುತ್ತಿದ್ದಳು. ನಾನು ಓದುತ್ತಿದ್ದೆ. ಪರದೇಶದ ಊರುಗಳ ಹೆಸರುಗಳಾದ್ದರಿಂದ ಅಕ್ಷರ ಅಕ್ಷರ ಬಿಡಿಸಿ ಓದಬೇಕು. ಚಿಕ್ಕವಳಿದ್ದಾಗ ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದ ಅಕ್ಕನಿಗೆ ಪರೀಕ್ಷೆ ಮಾಡುವ ಬುದ್ಧಿ ಹೋಗಿಲ್ಲ ಎಂದುಕೊಂಡು ಸುಮ್ಮನಿದ್ದೆ.

ತೊಂದರೆ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಮಗಳ ಕಾಲೇಜಿಗೆಂದು ಕೊಂಡದ್ದು. ಅವಳು ಮದುವೆಯಾಗಿ ಹೋಗುವಾಗ ನನ್ನ ಹಳೆಯ ಕುಕ್ಕರ್ ಕೇಳಿ ತೆಗೆದುಕೊಂಡು ಹೋದಳು, ಇದನ್ನು ಕೇಳಲಿಲ್ಲ. ಲಾರಿ ತಿರುವಿಗೆ ಬಂದಾಗ ಸರಿಯಾಗಿ ಚಿತ್ರ ನಿಂತುಬಿಡುತ್ತಿತ್ತು. ನಾನು ಕೀ ಒತ್ತುತ್ತಲೇ ಇರುತ್ತಿದ್ದೆ. ಮತ್ತೆ ಚಿತ್ರಕ್ಕೆ ಜೀವ ಬಂದಾಗ ಲಾರಿ ಯಾರದೋ ಹೊಲದ ಬೇಲಿಗೆ ಮೂತಿ ಒತ್ತಿ ನಿಂತಿರುತ್ತಿತ್ತು. ಅಕ್ಕ ಮುಂದೆ ಎಲ್ಲೋ ಪಕ್ಕಕ್ಕೆ ನಿಲ್ಲಿಸಿ ಕಾಯಬೇಕು.

ಸ್ಟೇಶನ್ನಿನ ಹತ್ತಿರ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿಯಿದೆ. ಅದರ ಯಜಮಾನರು ವಿಜಯಪುರದ ಕಡೆಯ ಸಾಹೇಬರು, ವಯಸ್ಸು ಹತ್ತಿರಹತ್ತಿರ ನನ್ನದೇ. ಮನೆಯೊಳಗೆ ಬರುವಾಗ ಚಪ್ಪಲಿಯನ್ನು ಹೊರಗೆ ಜೋಡಿಸಿ ಇಡುತ್ತಾರೆ, ಎಡ ಬಲ ತಪ್ಪದೆ. ನಾನು ಕನ್ನಡದವಳು ಎಂದು ಗೊತ್ತಾದ ಮೇಲೆ ಹಿಂದಿ ಬಿಟ್ಟರು. ಮೊದಲ ಸಲ ಬಂದು ಸಿಪಿಯುವಿನ ಪಕ್ಕದ ತಗಡು ತೆಗೆದವರೇ ಸ್ವಲ್ಪ ಹಿಂದಕ್ಕೆ ಸರಿದು ನೋಡಿದರು.

"ಭಾಭಿ, ಇದರೊಳಗ ಉಸುಕಿನ ಒಂದು ಸಣ್ಣ ಚೌಪಾಟಿ ಅದ ನೋಡ್ರಿ."

ಎದುರಿನ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಅದರ ಧೂಳೆಲ್ಲ ನಮ್ಮ ಮನೆಗೆ. ಅವರು ಬ್ರಶ್ಶಿನಿಂದ ಗುಡಿಸಿ, ಬ್ಲೋವರಿನಿಂದ ಊದಿ, ಹೋಗುವಾಗ ಹೇಳಿದರು: "ಒಳಗ ಧೂಳು ಹೋಗದಂಗ ನೋಡ್ಕೋರಿ. ಧೂಳಂದ್ರ ಇದರ ದುಷ್ಮನ್."

ನಾನು ಹೇಳಿದ್ದನ್ನು ಪಾಲಿಸುವವಳು. ನಮ್ಮ ಮನೆಯಲ್ಲಿ ಮಿಕ್ಸಿಗೆ ಬಟ್ಟೆಯ ಕವರಿದೆ, ವಾಶಿಂಗ್ ಮಶೀನಿಗಿದೆ, ಫ್ರಿಜ್ಜಿನ ಹಿಡಿಕೆಗೂ ಇದೆ. ಶಾಲೆಯಲ್ಲಿ ಎಂಟು ವರ್ಷ ಹೊಲಿಗೆ ಕಲಿಸಿದ ಸಿಸ್ಟರ್ ಒಬ್ಬರು, ಹೆಮ್ಮಿಂಗಿನ ದಾರ ಹೊರಗೆ ಕಂಡರೆ ಪೂರಾ ಬಿಚ್ಚಿಸುತ್ತಿದ್ದರು. ಆ ವಿದ್ಯೆಯನ್ನೆಲ್ಲ ನಾನು ಈ ಸಿಪಿಯುವಿನ ಮೇಲೆ ಸುರಿದೆ. ಪ್ಯಾಂಟಿನ ನೀಲಿ ಬಟ್ಟೆ, ಅಂಚಿಗೆ ಬಿಳಿ ಪೈಪಿಂಗ್, ನಾಲ್ಕೂ ಕಡೆ ನೆಲ ಮುಟ್ಟುವ ಉದ್ದ. ಸ್ವಿಚ್ಚಿನ ಜಾಗದಲ್ಲಿ ಕಾಜಾ ಮಾಡಿ ಸಣ್ಣ ಕಿಂಡಿ. ಹಿಂದುಗಡೆ ವಯರುಗಳು ಹೊರಬರುವಲ್ಲಿ ಲಾಡಿ ಹಾಕಿ ಬಿಗಿಯಾಗಿ ಕಟ್ಟುವ ವ್ಯವಸ್ಥೆ. ಧೂಳಿನ ಒಂದು ಕಣವೂ ನುಸುಳಬಾರದೆಂದು ಒಳಗೆ ಲೈನಿಂಗ್ ಬೇರೆ ಕೊಟ್ಟೆ. ತೊಡಿಸಿದಾಗ ನಮ್ಮ ಶಾಲೆಯ ಯೂನಿಫಾರ್ಮ್ ಹಾಕಿದ ಹುಡುಗಿ ಮೂಲೆಯಲ್ಲಿ ಕೈಕಟ್ಟಿ ನಿಂತಂತೆ ಕಾಣುತ್ತಿತ್ತು.

ಓದುವವರಿಗೆ ಇಷ್ಟರಲ್ಲೇ ವಿಷಯ ತಿಳಿದಿರಬಹುದು. ನನಗೆ ತಿಳಿಯಲು ಮೂರು ತಿಂಗಳು ಹಿಡಿಯಿತು.

ಕವರ್ ಹಾಕಿದ ವಾರದಿಂದ ಕಂಪ್ಯೂಟರ್ ಇನ್ನಷ್ಟು ಕೆಟ್ಟಿತು. ಹತ್ತು ನಿಮಿಷ ಓಡಿದರೆ ಎರಡು ನಿಮಿಷ ನಿಲ್ಲುತ್ತಿತ್ತು. ಒಳಗಿನ ಫ್ಯಾನು ಕೂಗುವ ಸದ್ದಿಗೆ, ಮೇಲೆ ವಿಮಾನ ಇಳಿಯುತ್ತಿದೆಯೋ ಏನೋ ಎಂದು ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಒಂದು ದಿನ ಅಕ್ಕ ಕಾದು ಕಾದು, "ಇನ್ನು ನನ್ನಿಂದ ಆಗುವುದಿಲ್ಲ ಮಾರಾಯ್ತಿ. ಪಕ್ಕದ ಮನೆಯ ಬೆನ್ ಬಂದು ಕೂತಿದ್ದಾಳೆ, ಅವಳೊಟ್ಟಿಗೆ ಹೋಗ್ತೇನೆ" ಎಂದಳು.

ಬೆನ್ ಎಂದರೆ ಅಕ್ಕನ ನೆರೆಮನೆಯ ಗುಜರಾತಿ ಹೆಂಗಸು. ಅವಳಿಗೆ ಸ್ವಂತ ಲಾರಿ ಇಲ್ಲ, ಅಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ ಅಷ್ಟೇ. ಆದರೂ ಮರುದಿನ ಮೂರಕ್ಕೆ ಅಕ್ಕನ ಫೋನು ಬರಲಿಲ್ಲ. ಮೂರೂಕಾಲಕ್ಕೆ ನಾನೇ ಮಾಡಿದೆ. ಹಿಂದಿನಿಂದ ಬೆನ್ ನಗುವುದು ಕೇಳಿಸಿತು.

"ನಿಂದು ಸರಿಯಾಯ್ತಾ?" ಅಕ್ಕ ಕೇಳಿದಳು.

"ಇಲ್ಲ."

"ಹಾಗಾದ್ರೆ ಸರಿ ಮಾಡಿಸಿ ಬಾ. ಇವಳು ಹತ್ತಿರವೇ ಕೂತು ಎಲ್ಲ ಹೇಳ್ತಾಳೆ, ಟಕ್ ಟಕ್ ಅಂತ."

ಐವತ್ತೆರಡು ವರ್ಷದ ಹೆಂಗಸು ನಾನು. ಆ ದಿನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ನನ್ನ ಅಕ್ಕನ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿದ್ದಾಳೆ, ಅದಕ್ಕೆ ಕಾರಣ ನನ್ನ ಕಂಪ್ಯೂಟರು ಎಂಬುದು ಬಿಟ್ಟು ಬೇರೇನೂ ತಲೆಯಲ್ಲಿ ಉಳಿಯಲಿಲ್ಲ. ಆ ಮೂರು ಗಂಟೆಯನ್ನು ವಾಪಸು ತೆಗೆದುಕೊಳ್ಳಲೇಬೇಕೆಂದು ಹಟ ಹಿಡಿದೆ.

ಸಾಹೇಬರು ಮತ್ತೆ ಬಂದರು. ಅವರು ಬರುವ ಮುಂಚೆ ನಾನು ಕವರನ್ನು ಬಿಚ್ಚಿ, ಮಡಚಿ, ಕಪಾಟಿನಲ್ಲಿ ಇಡುತ್ತಿದ್ದೆ. ರಿಪೇರಿಯ ಕೈ ತಗಲಿ ಬಿಳಿ ಪೈಪಿಂಗ್ ಕೊಳೆಯಾದರೆ ಎಂಬ ಭಯ. ಅವರಿಗೆ ನನ್ನಂಥವರಿಗೆ ತಿಳಿಸಿ ಹೇಳುವ ದಾರಿ ಗೊತ್ತಿತ್ತು. "ರ್‍ಯಾಮ್ ಅಂದ್ರ ಕಿಚನ್ ಕಟ್ಟಿ ಇದ್ದಂಗ್ರಿ. ನಿಮ್ಮ ಕಟ್ಟಿ ಸಣ್ಣದದ, ನಾಕು ಭಾಂಡಿ ಇಟ್ರ ಮುಗೀತು. ದೊಡ್ಡದು ಮಾಡೋಣು." ಮಾಡಿದರು. ಚಾಲೂ ಮಾಡಿ, ಹತ್ತು ನಿಮಿಷ ಓಡಿಸಿ ನೋಡಿ, ಚಹಾ ಕುಡಿದು ಹೋದರು. ಬಾಗಿಲು ಹಾಕಿದ ಕೂಡಲೇ ನಾನು ಕವರ್ ತೊಡಿಸಿದೆ. ಅರ್ಧ ಗಂಟೆಯಲ್ಲಿ ಲಾರಿ ಬೇಲಿಗೆ ಹೋಯಿತು.

ಮುಂದಿನ ವಾರ ಹಾರ್ಡ್ ಡಿಸ್ಕಿನ ಸರದಿ. "ಇದು ಲಾಫ್ಟ್ ಇದ್ದಂಗ, ಒಂದು ಸಾಮಾನ ಬೇಕಂದ್ರ ಏಣಿ ಹತ್ತಬೇಕು. ಎಸ್‌ಎಸ್‌ಡಿ ಹಾಕ್ಸಿದ್ರ ಕೈಗೆ ಸಿಗೂ ಡಬ್ಬಿ." ಹಾಕಿಸಿದೆ. ಹಳೆಯ ಡಿಸ್ಕಿನಲ್ಲಿ ಮಗಳ ಫೋಟೋಗಳಿದ್ದವು, ಕಾಪಿ ಮಾಡಿಕೊಡುತ್ತೇನೆಂದು ಅದನ್ನು ಅಂಗಡಿಗೆ ಒಯ್ದರು. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಚಾಲೂ ಆಗತೊಡಗಿತು. ನಾನು ಸಂತೋಷದಿಂದ ಕವರ್ ತೊಡಿಸಿದೆ. ಮತ್ತೆ ಬೇಲಿ.

ಈ ನಡುವೆ ಅಕ್ಕನಿಗೆ ದಿನಾ ಫೋನು ಮಾಡುತ್ತಿದ್ದೆ. ಇವತ್ತು ಇದು ಹಾಕಿಸಿದೆ, ನಾಳೆ ಅದು ಹಾಕಿಸುತ್ತೇನೆ, ನಾಡಿದ್ದು ಖಂಡಿತ ಬರುತ್ತೇನೆ ಎಂದು ವರದಿ ಕೊಡುತ್ತಿದ್ದೆ. ಅಕ್ಕ "ಹ್ಞಾ, ಹ್ಞಾ" ಎನ್ನುತ್ತಿದ್ದಳು.

ಉಳಿದದ್ದು ಗ್ರಾಫಿಕ್ಸ್ ಕಾರ್ಡು. "ಚಿತ್ರದ ಕೆಲಸಕ್ಕ ಬ್ಯಾರೆ ಹೆಣ್ಣಮಗಳನ್ನ ಇಟ್ಟಂಗ. ಆದ್ರ ಆಕಿಗೆ ಊಟ ಜಾಸ್ತಿ ಬೇಕು, ಪವರ್ ಸಪ್ಲೈನೂ ದೊಡ್ಡದು ಹಾಕಬೇಕು" ಎಂದ ಸಾಹೇಬರು ಮುಂದಿನ ವಾರ ತರಿಸುತ್ತೇನೆಂದರು. ನನಗೆ ಅಷ್ಟು ತಾಳ್ಮೆ ಎಲ್ಲಿಯದು. ಚೀಟಿ ಬರೆಸಿಕೊಂಡು, ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿದೆ. ಕಂಪ್ಯೂಟರಿನ ಸಾಮಾನಿನ ಅಂಗಡಿಗಳು ಸಾಲಾಗಿರುವ ಆ ರಸ್ತೆಯಲ್ಲಿ ಕಾಟನ್ ಸೀರೆ ಉಟ್ಟು ತರಕಾರಿ ಚೀಲ ಹಿಡಿದವಳು ನಾನೊಬ್ಬಳೇ.

ಅಂಗಡಿಯವನು ಚೀಟಿ ನೋಡಿ, "ಆಂಟೀಜಿ, ಬೇಟೇ ಕೇ ಲಿಯೇ?" ಎಂದ.

ನನಗೆ ಮಗನಿಲ್ಲ. "ಹಾಂ" ಎಂದೆ.

ಏನು ಆಡುತ್ತಾನೆ ಎಂದು ಕೇಳಿದ. ಟ್ರಕ್ ಎಂದೆ. ವಯಸ್ಸೆಷ್ಟು ಎಂದ. ಬಾಯಿಗೆ ಬಂದದ್ದು ಹದಿನೇಳು. ಹಾಗಾದರೆ ಹನ್ನೆರಡನೆಯ ಕ್ಲಾಸೇ ಎಂದವನು ಕಾರ್ಡಿನ ಡಬ್ಬವನ್ನು ಮತ್ತೆ ಕಪಾಟಿನತ್ತ ಒಯ್ದ. ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಕೊಡಿಸಬೇಡಿ, ನನ್ನ ತಮ್ಮ ಹೀಗೇ ಹಾಳಾದ ಎಂದ. ಪಕ್ಕದಲ್ಲಿ ಕೀಬೋರ್ಡ್ ನೋಡುತ್ತಿದ್ದ ಮನುಷ್ಯನೂ ತಲೆ ಹಾಕಿ, ತಾಯಂದಿರ ಮುದ್ದು ಜಾಸ್ತಿಯಾಯಿತು ಎಂದ. ನನಗೆ ಸಿಟ್ಟು ಬಂತು. ಹುಟ್ಟದ ಮಗನ ಪರವಾಗಿ ನಿಂತು ಅವನು ಓದಿನಲ್ಲಿ ಬಹಳ ಹುಷಾರು, ದಿನಕ್ಕೆ ಒಂದೂವರೆ ಗಂಟೆ ಮಾತ್ರ ಆಡುತ್ತಾನೆ, ಅದೂ ಮನೆಕೆಲಸದಲ್ಲಿ ಅಮ್ಮನಿಗೆ ಸಹಾಯ ಮಾಡಿದ ಮೇಲೆ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು, ಅಂಗಡಿಯವನು ಡಬ್ಬವನ್ನು ಮರಳಿ ತಂದುಕೊಟ್ಟ. ಅಂಥ ಮಗ ಯಾರ ಮನೆಯಲ್ಲಿದ್ದಾನೆ ಎಂದು ಅವರಿಗೂ ಅನುಮಾನ ಬಂದಿರಬೇಕು.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಕಾರ್ಡನ್ನು ಎರಡೂ ಕೈಯಲ್ಲಿ ಎದೆಗವಚಿ ಕೂತಿದ್ದೆ. ಎದುರಿನ ಮೀನುಗಾರ್ತಿ ಒಳಗೆ ಏನು, ಗಾಜಿನ ಸಾಮಾನೇ ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ಒಂದೇ ದಿನಕ್ಕೆ ಎಷ್ಟು ಸುಳ್ಳು.

ಕಾರ್ಡು ಕೂತಿತು. ಸಾಹೇಬರು ಮನೆಯಲ್ಲಿ ಓಡಿಸಿ ತೋರಿಸಿದಾಗ ನಾನು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದೆ. ಮರಗಳಿಗೆ ಎಲೆಗಳಿದ್ದವು. ಅದುವರೆಗೆ ಅವು ಹಸಿರು ಮುದ್ದೆಗಳು ಎಂದುಕೊಂಡಿದ್ದೆ. ಸಂಜೆ ನಮ್ಮವರು ಆಫೀಸಿನಿಂದ ಬಂದು ನೋಡಿ, "ಹೊಸದಾಗಿ ಹಾಕಿದ್ದನ್ನೆಲ್ಲ ತೆಗೆದರೆ ಹಳೆಯದು ಅಂತ ಉಳಿಯುವುದು ಡಬ್ಬ ಮಾತ್ರ" ಎಂದರು. ಮರುದಿನ ಮೂರಕ್ಕೆ ಅಕ್ಕನನ್ನು ಕರೆದೆ. ಹದಿನೆಂಟನೆಯ ನಿಮಿಷಕ್ಕೆ ಎಲೆಗಳ ಸಮೇತ ಎಲ್ಲ ನಿಂತಿತು. ಫೋನು ಇಡುವ ಮುಂಚೆ ಅಕ್ಕ, "ಬೆನ್, ಆಜಾ" ಎಂದದ್ದು ಕೇಳಿಸಿತು.

ಅದಾದ ನಾಲ್ಕನೆಯ ದಿನ ಮೂರೂಕಾಲಕ್ಕೆ ಬಾಗಿಲ ಗಂಟೆ ಹೊಡೆಯಿತು. ಸಾಹೇಬರು. ಮಗಳ ಫೋಟೋಗಳಿದ್ದ ಹಳೆಯ ಡಿಸ್ಕನ್ನು ಮರಳಿಸಲು ಹೇಳದೆ ಬಂದಿದ್ದರು. ನಾನು ಒಬ್ಬಳೇ ಕೂತು ಖಾಲಿ ರಸ್ತೆಯಲ್ಲಿ ಪ್ರಯೋಗ ಮಾಡುತ್ತಿದ್ದೆ. ಅವರ ಕಣ್ಣು ಮೇಜಿನ ಕೆಳಗೆ ಹೋಯಿತು.

"ಇದೇನ್ರಿ ಭಾಭಿ?"

"ಕವರು."

"ಇದಕ್ಯಾಕ ಸ್ವೆಟರ್ ಹಾಕೀರಿ? ಪಾರ್ಲೆದಾಗ ಥಂಡಿ ಬಿದ್ದದೇನು?"

"ನೀವೇ ಹೇಳಿದ್ರಲ್ಲ, ಧೂಳು ಹೋಗಬಾರದು ಅಂತ."

"ಧೂಳು ಹೋಗಬಾರದು ಅಂದೆ. ಗಾಳಿ ಹೋಗಬಾರದು ಅಂದೆನೇನ್ರಿ?" ಅವರು ಬಗ್ಗಿ ಹಿಂದಿನ ಲಾಡಿ ಬಿಚ್ಚಿ ಕವರ್ ಎತ್ತಿದರು. ಬಿಸಿ ಗಾಳಿ ನನ್ನ ಕಾಲಿಗೆ ತಾಗಿತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ. "ಮುಟ್ಟಿ ನೋಡ್ರಿ. ಭಾಳ ಬಿಸಿ ಆದ್ರ ಇದು ತಾನಾಗೇ ಸಾವಕಾಶ ನಡಿತದ, ಸುಟ್ಟು ಹೋಗಬಾರದಂತ. ಮಶೀನ್ ಚಾಲೂ ಇದ್ದಾಗೂ ಹಾಕ್ತಿದ್ರಿ?"

"ಯಾವಾಗಲೂ."

"ಮೂರು ತಿಂಗಳದಿಂದ?"

ನಾನು ತಲೆಯಾಡಿಸಿದೆ. ಅವರು ಸೋಫಾದ ಮೇಲೆ ಕೂತು ನೀರು ಕೇಳಿದರು. ಕುಡಿದಾದ ಮೇಲೆ ಕವರನ್ನು ಕೈಯಲ್ಲಿ ತಿರುವಿ ನೋಡಿ, "ಹೊಲಿಗಿ ಭಾಳ ಛಲೋ ಅದ, ಖರೇ ಹೇಳ್ತೀನಿ. ಅಸ್ತರ್ ಬ್ಯಾರೆ ಕೊಟ್ಟೀರಿ" ಎಂದರು.

"ಹಾಗಾದ್ರೆ ಹೊಸದು ಹಾಕಿಸಿದ್ದೆಲ್ಲ ದಂಡವಾ?"

ಅವರು ನ್ಯಾಯಾಧೀಶರಂತೆ ಸ್ವಲ್ಪ ಹೊತ್ತು ಯೋಚಿಸಿದರು. "ಅರ್ಧ ಬೇಕಿತ್ತು."

ಯಾವ ಅರ್ಧ ಎಂದು ನಾನು ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ. "ಅಂದ್ರೆ ಇಷ್ಟು ದಿನ ಅದಕ್ಕೆ ಸೆಖೆ ಆಗ್ತಾ ಇತ್ತು" ಎಂದರು. ಹೌದೆಂದೆ. "ಪಾಪ" ಎಂದು ಸಾರು ಬಡಿಸಿಕೊಂಡರು.

ಅಕ್ಕನಿಗೆ ಮಾತ್ರ ಹೇಳಬಾರದೆಂದುಕೊಂಡೆ. ಮರುದಿನ ಮೂರಕ್ಕೆ ಫೋನು ಮಾಡಿ, "ಒಂದು ಕೊನೆಯ ಸಲ" ಎಂದು ಕೇಳಿಕೊಂಡೆ. ಬೆನ್ ಮಗಳ ಮನೆಗೆ ಹೋಗಿದ್ದಳಂತೆ. ಅಕ್ಕ ಒಲ್ಲದ ಮನಸ್ಸಿನಿಂದ ಲಾರಿ ತೆಗೆದಳು. ನಾನು ಹಿಂದೆ. ಇಪ್ಪತ್ತು ನಿಮಿಷ, ಮೂವತ್ತು ನಿಮಿಷ, ನನ್ನ ಚಿತ್ರ ನಿಲ್ಲಲಿಲ್ಲ. ಖುಷಿಯಲ್ಲಿ ನಾನು ಕಾರ್ಡಿನ ಗುಣಗಾನ ಶುರುಮಾಡಿದ್ದೆ. ಅಷ್ಟರಲ್ಲಿ ಎಡಕ್ಕೆ ತಿರುಗಬೇಕಾದ ಜಾಗ ಬಂತು. ಗೋಡೆಯಷ್ಟು ದೊಡ್ಡ ನೀಲಿ ಬೋರ್ಡು. ಅಕ್ಕ ನೇರ ಹೋದಳು.

"ಅಕ್ಕ, ತಿರುವು ಬಿಟ್ಟಿ."

"ಯಾವ ತಿರುವು?"

"ಅಷ್ಟು ದೊಡ್ಡ ಬೋರ್ಡಿತ್ತಲ್ಲ."

ಅವಳ ಲಾರಿ ನಿಧಾನವಾಗಿ ರಸ್ತೆಯ ಪಕ್ಕಕ್ಕೆ ಹೋಗಿ ನಿಂತಿತು. ನಾನೂ ಹಿಂದೆ ನಿಲ್ಲಿಸಿದೆ.

"ನಂಗೆ ಬೋರ್ಡು ಕಾಣುವುದಿಲ್ಲ ಮಾರಾಯ್ತಿ. ನೀಲಿ ಅಂತ ಗೊತ್ತಾಗ್ತದೆ, ಅಕ್ಷರ ಎಲ್ಲ ಹಾಲಲ್ಲಿ ಬಿದ್ದ ಹಾಗೆ. ನೀನು ಓದಿ ಹೇಳ್ತಿದ್ದಿಯಲ್ಲ, ಹಾಗೆ ನಡೀತಿತ್ತು. ಮತ್ತೆ ನಿಂದು ನಿಂತು ನಿಂತು ಬರ್ಲಿಕ್ಕೆ ಶುರುವಾಯ್ತು. ನೀನು ಓದುವಷ್ಟರಲ್ಲಿ ನಾನು ಬೇರೆ ಊರಲ್ಲಿ."

"ಡಾಕ್ಟ್ರಿಗೆ ತೋರಿಸಿದ್ಯಾ?"

"ಎರಡು ತಿಂಗಳಾಯ್ತು. ಪೊರೆ ಅಂತೆ. ತೆಗೀಬೇಕಂತೆ, ಹದಿನೈದು ನಿಮಿಷದ ಕೆಲಸ ಅಂತೆ."

"ಮತ್ತೆ ತೆಗೆಸಲಿಲ್ಲ ಯಾಕೆ?"

"ಹದಿನೈದು ನಿಮಿಷ ಅವರದ್ದು. ಕಣ್ಣು ನನ್ನದು."

"ನಂಗೆ ಒಂದು ಮಾತು ಹೇಳಲಿಲ್ಲ ನೀನು."

"ಯಾವಾಗ ಹೇಳುವುದು? ನೀನು ಫೋನ್ ಮಾಡಿದ್ರೆ ಇವತ್ತು ಎಸ್‌ಎಸ್‌ಡಿ, ನಾಳೆ ಗ್ರಾಫಿಕ್ಸ್ ಕಾರ್ಡು. ಅದರ ಮಧ್ಯೆ ನನ್ನ ಕಣ್ಣನ್ನು ಎಲ್ಲಿ ತುರುಕುವುದು?"

ನಾನು ಬಹಳ ಸೂಕ್ಷ್ಮ ಎಂದು ನನಗೊಂದು ಅಭಿಪ್ರಾಯವಿತ್ತು. ಕೆಳಗಿನ ಮನೆಯವರು ಕಾಲೊರೆಸು ಬದಲಿಸಿದರೆ ಅದೇ ದಿನ ನನ್ನ ಕಣ್ಣಿಗೆ ಬೀಳುತ್ತದೆ. ಸಾಹೇಬರ ಚಪ್ಪಲಿಯ ಎಡ ಬಲ ನೋಡಿಟ್ಟವಳು. ಮೂರು ತಿಂಗಳು ದಿನಾ ಮಾತಾಡಿದ ಅಕ್ಕ "ಹ್ಞಾ, ಹ್ಞಾ" ಬಿಟ್ಟು ಬೇರೇನೂ ಹೇಳುತ್ತಿಲ್ಲ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ಅವಳು ಅವಳದನ್ನು ಹೇಳಿದ್ದಕ್ಕೆ ಪ್ರತಿಯಾಗಿ ನನ್ನದನ್ನು ಹೇಳಿದೆ. ನೀಲಿ ಬಟ್ಟೆ, ಕಾಜಾ, ಲಾಡಿ, ಸಾಹೇಬರ ಸ್ವೆಟರಿನ ಮಾತು, ಎಲ್ಲ. ಹೊಲಿಗೆಯಲ್ಲಿ ಯಾವಾಗಲೂ ನನಗಿಂತ ಹೆಚ್ಚು ಮಾರ್ಕು ತೆಗೆದವಳು ಅವಳು.

"ಲೈನಿಂಗ್ ಕೊಟ್ಟಿದ್ಯಾ?"

"ಕೊಟ್ಟಿದ್ದೆ."

ಆಮೇಲೆ ಅಕ್ಕ ನಕ್ಕಳು. ಕೆಮ್ಮು ಬರುವವರೆಗೆ ನಕ್ಕು, ನೀರು ಕುಡಿದು ಬಂದು ಮತ್ತೆ ನಕ್ಕಳು.

"ಒಂದು ಕೆಲಸ ಮಾಡು. ಇನ್ನು ನೀನು ಮುಂದೆ ಹೋಗು. ನಿನ್ನ ಲಾರಿಯ ಹಿಂದಿನ ಕೆಂಪು ಲೈಟು ಕಾಣ್ತದೆ ನಂಗೆ. ಅದನ್ನೇ ಹಿಡ್ಕೊಂಡು ಬರ್ತೇನೆ."

"ನಾನಾ?"

"ಮತ್ತೆ ಯಾರು, ಬೆನ್ನಾ?"

ಹುಟ್ಟಿದಾಗಿನಿಂದ ನಾನು ಅಕ್ಕನ ಮುಂದೆ ಹೋದವಳಲ್ಲ. ಲಾರಿಯನ್ನು ಅವಳ ಪಕ್ಕದಿಂದ ದಾಟಿಸುವಾಗ ಎರಡು ಸಲ ಹಾರ್ನ್ ಒತ್ತಿದೆ. ಚಿತ್ರ ಎಲ್ಲೂ ನಿಲ್ಲಲಿಲ್ಲ, ರಸ್ತೆ ನೀರಿನಂತೆ ಹರಿಯುತ್ತಿತ್ತು. ಆದರೂ ಮೊದಲ ವೃತ್ತದಲ್ಲೇ ನಾನು ಕಂಬಕ್ಕೆ ಗುದ್ದಿದೆ. ಆಗ ತಿಳಿಯಿತು: ಈವರೆಗಿನ ಬೇಲಿಗಳಲ್ಲಿ ಅರ್ಧ ಕಂಪ್ಯೂಟರಿನವು, ಉಳಿದರ್ಧ ಸ್ವಂತದವು.

"ಈಗ ಯಾರ ಮೇಲೆ ಹಾಕ್ತೀ?" ಹಿಂದಿನಿಂದ ಅಕ್ಕ ಕೇಳಿದಳು.

ನಾನು ಹಿಂದಕ್ಕೆ ತೆಗೆದು, ಸರಿಮಾಡಿಕೊಂಡು, ನಲವತ್ತರ ವೇಗದಲ್ಲಿ ಹೊರಟೆ. ಬೋರ್ಡು ಬಂದಾಗಲೆಲ್ಲ ಗಟ್ಟಿಯಾಗಿ ಓದಿದೆ. ಕಾರ್ಡು, ಡಿಸ್ಕಿನ ಸುದ್ದಿ ಎತ್ತಲಿಲ್ಲ. ಉದ್ದನೆಯ ಸೇತುವೆಯೊಂದು ಬಂದಾಗ ಕೇಳಿದೆ.

"ಗುರುವಾರ ಅಂತ ಡಾಕ್ಟ್ರಿಗೆ ಹೇಳುವಾ? ನಾನು ಬೆಳಿಗ್ಗೆಯೇ ಬರ್ತೇನೆ."

ಕನ್ನಡಿಯಲ್ಲಿ ಅವಳ ಲಾರಿ ಒಂದೇ ಅಂತರದಲ್ಲಿ ಬರುತ್ತಿತ್ತು. ಸೇತುವೆ ಮುಗಿಯುತ್ತಾ ಬಂತು.

"ನೀನು ಒಳಗೆ ಬರ್ತೀಯಾ, ಹೊರಗೆ ಕೂರ್ತೀಯಾ?"

"ಒಳಗೆ ಬಿಟ್ರೆ ಒಳಗೆ."

"ಹಾಗಾದ್ರೆ ಗುರುವಾರ" ಎಂದಳು ಅಕ್ಕ. "ಈಗ ರಸ್ತೆ ನೋಡು. ಸುಮ್ಮಸುಮ್ಮನೆ ಬ್ರೇಕ್ ಒತ್ತಬೇಡ, ನಾನು ಹಿಂದೆ ಇದ್ದೇನೆ."